ಬೆಥೆಸ್ಡದ ಅಟ್ಟಕ್ಕೊಂದು ಅಂದಾಜುಪಟ್ಟಿ

ಕಲ್ಲುಗಣಿಯ ಊರು ಇದು. ಸೂರೂ ಕಲ್ಲು,
ಬೇಲಿಯೂ ಕಲ್ಲು, ಗೋರಿಯ ಮೇಲೂ ಅದೇ ನೀಲಿಗಪ್ಪು.
ಮೆಲೆರಿಯ ಅಟ್ಟಕ್ಕೆ ಏಣಿ ಹತ್ತಿ
ಟಾರ್ಚು ಆರಿಸಿ ನೋಡಿದೆ: ಕಲ್ಲುಹೆಂಚಿನ ಸಂದಿಗಳಲ್ಲಿ
ಆಕಾಶ ಸೂಜಿಮೊನೆಯಷ್ಟು, ಅಲ್ಲಲ್ಲಿ.
ಫೆಬ್ರುವರಿಯ ಗಾಳಿ ಅಲ್ಲೇ
ಬಾಡಿಗೆ ಕೊಡದೆ ವಾಸ.

"ಎಷ್ಟಾಗುತ್ತೆ, ಗ್ವಿಲಿಮ್?" ಕೆಳಗಿನಿಂದ ಕೇಳಿದಳು.
"ದುಡ್ಡೋ, ಎತ್ತರವೋ?" ಅಂದೆ.
ಅಟ್ಟದಲ್ಲಿ ಮೊದಲು ಖರ್ಚಾಗುವುದು ಎತ್ತರ.

ನೋಡು, ಹೆಂಚಿನಡಿ ಎರಡಿಂಚು ಗಾಳಿಗೆ ಬಿಡಬೇಕು;
ಉಸಿರು ಕಟ್ಟಿದ ಮರ ಒಳಗೊಳಗೇ ಬೆವರಿ ಕೊಳೆಯುತ್ತದೆ.
ಪಕಾಸಿಗಳ ನಡುವೆ ನಾಲ್ಕಿಂಚು ನೊರೆಹಲಗೆ,
ಅದರಡಿ ಇನ್ನೆರಡು, ಬೆಳ್ಳಿಕಾಗದ ಹೊದ್ದದ್ದು.
ಕುರಿಯುಣ್ಣೆಯೇ ಬೇಕೆ? ಆದೀತು. ತೇವ ಕುಡಿಯುತ್ತದೆ,
ತೇವ ಬಿಡುತ್ತದೆ, ಕೈ ತುರಿಸುವುದಿಲ್ಲ.
ಆದರೆ ನೊರೆ ಆರಿಂಚಿನಲ್ಲಿ ಮುಗಿಸುವ ಕೆಲಸಕ್ಕೆ
ಉಣ್ಣೆ ಹತ್ತಿಂಚು ಕೇಳುತ್ತದೆ.
ನಾಲ್ಕಿಂಚು ಅಂದರೆ ಒಬ್ಬರ ಹಣೆ.

ಏಣಿಯ ಬುಡದಲ್ಲಿ ಹುಡುಗ ನಿಂತಿದ್ದ. ಮಾಕ್ಸೆನ್.
ಕೌನ್ಸಿಲಿನವರು ನವೆಂಬರಿನಲ್ಲಿ ತಂದು ಬಿಟ್ಟದ್ದು,
ಆರು ವಾರಕ್ಕೆಂದು. ಹದಿನೈದು ವರ್ಷ.
ಮನೆಯೊಳಗೂ ಕೋಟು, ಜಿಪ್ಪು ಗದ್ದದವರೆಗೆ;
ಮಲಗುವಾಗಲೂ ಬೂಟು ಬಿಚ್ಚುವುದಿಲ್ಲವಂತೆ.
"ಎಷ್ಟೆತ್ತರ ನೀನು?"
"ಗೊತ್ತಿಲ್ಲ. ಯಾರೂ ಅಳೆದಿಲ್ಲ."
ಟೇಪನ್ನು ಹಿಮ್ಮಡಿಗೆ ಒತ್ತಿ ನೆತ್ತಿಗೆ ಎಳೆದೆ:
ಐದಡಿ ಹತ್ತಿಂಚು, ಬೂಟು ಸೇರಿ.
ಉಸಿರು ಹಿಡಿದಿದ್ದ,
ಜಾಸ್ತಿ ಬಂದರೆ ಬೈದಾರೆಂಬಂತೆ.

ಹಾಸಿಗೆ ಇದ್ದಷ್ಟು ಕಾಲು ಚಾಚು ಅನ್ನುತ್ತಾರೆ.
ಕಾಲು ಇನ್ನೂ ಬೆಳೆಯುತ್ತಿದ್ದರೆ?

ಇನ್ನು ನೆಲ. ಬಿಸ್ಕತ್ತಿನ ಡಬ್ಬಿಯ ಮುಚ್ಚಳದ ಮೇಲೆ
ಪೆನ್ಸಿಲಿನಿಂದ ಗೀಚಿ ತೋರಿಸಿದೆ.
ಒಂದು, ತಂತಿಯ ಚಾಪೆ; ರೊಟ್ಟಿಗಿಂತ ತೆಳು.
ಗುಂಡಿ ಒತ್ತಿದರೆ ಅರ್ಧ ಗಂಟೆಗೆ ಪಾದ ಬೆಚ್ಚಗೆ.
ಹಾಸುವುದು ಅಗ್ಗ, ಉರಿಸುವುದು ದುಬಾರಿ.
ಬಂದು ಹೋಗುವವರ ಕೋಣೆಗೆ ಹೇಳಿ ಮಾಡಿಸಿದ್ದು.
ಇನ್ನೊಂದು, ನೀರಿನ ಕೊಳವೆ.
ತೊಲೆಗಳ ನಡುವೆ ಕೆಳಗೊಂದು ಹೊದಿಕೆ
(ಇಲ್ಲವಾದರೆ ಬಿಸಿಯೆಲ್ಲ ಕೆಳಗಿನ ಕೋಣೆಯ ಸೂರಿಗೆ ದಾನ),
ಅದರ ಮೇಲೆ ತಗಡು, ತಗಡಿನ ಕಾಲುವೆಯಲ್ಲಿ
ಹೋಗಿ, ಮಡಚಿ, ತಿರುಗಿ ಬರುವ ನಾಳ.
ಹಲಗೆಯೆಲ್ಲ ಕೀಳಬೇಕು, ನಾಲ್ಕು ದಿನದ ಗಲಾಟೆ.
ಕರೆದ ಕೂಡಲೇ ಓಡಿ ಬರುವ ಜಾತಿಯದಲ್ಲ;
ಬೆಳಿಗ್ಗೆ ಬೇಕಾದರೆ ರಾತ್ರಿಯೇ ಹೇಳಿಡಬೇಕು.
ಬಂದ ಮೇಲೆ ಹೋಗುವುದೂ ನಿಧಾನ.

ಮೆಲೆರಿ ಮುಚ್ಚಳವನ್ನು ತನ್ನತ್ತ ತಿರುಗಿಸಿಕೊಂಡಳು.
ಫ್ರಿಜ್ಜಿನ ಮೇಲೆ ಕೌನ್ಸಿಲಿನ ಕಾಗದ:
ಮುಂದಿನ ಪರಿಶೀಲನೆ, ಮಾರ್ಚ್ ಒಂಬತ್ತು.
ಆರು ವಾರ ಎಂದೋ ಮುಗಿದಿತ್ತು,
ಯಾರೂ ಆ ಮಾತು ಎತ್ತಿರಲಿಲ್ಲ.

"ಕೊಳವೆ," ಅಂದಳು.
"ಲೆಕ್ಕ ಹಾಕಿ ಹೇಳು, ಮೆಲೆರಿ."
"ಹಾಕಿದೀನಿ. ಮೇಲೆ ನೊರೆಹಲಗೆಯೇ ಇರಲಿ.
ಉಣ್ಣೆ ನನಗಿಷ್ಟ. ಆದರೆ ಆ ನಾಲ್ಕಿಂಚು ಅವನದು."

ಸುರುಳಿ ಬಿಚ್ಚುವಾಗ ಇನ್ನೊಂದು ತುದಿ ಹಿಡಿದದ್ದು ಮಾಕ್ಸೆನ್.
"ಇದು ಎಷ್ಟು ವರ್ಷ ಬರುತ್ತೆ?"
"ಐವತ್ತು, ಸರಿಯಾಗಿ ಹಾಕಿದರೆ."
ತುಟಿಯಲ್ಲೇ ಏನೋ ಕೂಡಿದ.
"ಆಗ ನನಗೆ ಅರವತ್ತೈದು," ಅಂದ,
ಯಾರದೋ ವಯಸ್ಸು ಹೇಳುವವನ ಹಾಗೆ.

ಮುಚ್ಚುವ ಮೊದಲು ಒಂದು ರಾತ್ರಿ
ನೀರು ತುಂಬಿ, ಒತ್ತಡ ಏರಿಸಿ ಬಿಡುವುದು ಪದ್ಧತಿ.
ಮುಳ್ಳು ಇಳಿದರೆ ಎಲ್ಲೋ ಸೋರಿಕೆ.
"ಆರರಲ್ಲಿ ಇಟ್ಟಿದೀನಿ," ಎಂದಷ್ಟೇ ಹೇಳಿ ಹೊರಟೆ.

ಬೆಳಿಗ್ಗೆ ಬಂದಾಗ ಏಣಿಯ ಬುಡದಲ್ಲಿ
ಬೂಟುಗಳ ಜೊತೆ. ಮೆಲೆರಿಗೆ ಎಚ್ಚರವಾದೀತೆಂದು
ಬಿಚ್ಚಿಟ್ಟು ಹತ್ತಿದ್ದನಂತೆ, ಹನ್ನೆರಡಕ್ಕೊಮ್ಮೆ,
ಮೂರಕ್ಕೊಮ್ಮೆ, ಐದಕ್ಕೆ ಹೋದವನು ಇಳಿದಿರಲಿಲ್ಲ.
ತೊಲೆಯ ಮೇಲೆ ಕುಕ್ಕರುಗಾಲಲ್ಲಿ ಕೂತು
ಗಡಿಯಾರದಂಥ ಆ ಮುಖಕ್ಕೆ ಟಾರ್ಚು ಹಿಡಿದಿದ್ದ.
ನನ್ನತ್ತ ತಿರುಗದೆಯೇ ಹೇಳಿದ:
"ಆರು. ಹಾಗೇ ಇದೆ."