ಇಳಿಯಬೇಡ

ಇಲೋಯಿಲೋ ಊರಿನ ನಾವಿಕರ ಶಾಲೆಯಲ್ಲಿ
ಬೆಳಿಗ್ಗೆ ಎಂಟಕ್ಕೇ ಫ್ಯಾನು ಸೋತಿರುತ್ತದೆ.
ಇಪ್ಪತ್ತೆರಡು ಹುಡುಗರು, ಇಸ್ತ್ರಿಯ ಗೆರೆ ಮಾಸದ ಬಿಳಿ ಅಂಗಿ.
ಬರುವ ತಿಂಗಳು ಮನಿಲಾ, ಅಲ್ಲಿಂದ ವಿಮಾನ,
ಹೆಸರು ಹೇಳಲು ಬಾರದ ಯಾವುದೋ ಬಂದರು, ಒಂಬತ್ತು ತಿಂಗಳ ಕರಾರು.
ನಾನು ಎತ್ತಿ ತೋರಿಸುವುದು ಇದೊಂದೇ:
ಸೋಪಿನ ಬಿಲ್ಲೆಯಷ್ಟು ದಪ್ಪದ, ಗಾಳಿ ಅಳೆಯುವ ಯಂತ್ರ.

ಈ ಕೋಣೆಯಲ್ಲಿ ಇಪ್ಪತ್ತು ಪಾಯಿಂಟ್ ಒಂಬತ್ತು.
ನಿಮ್ಮಮ್ಮ ಮೀನು ಹುರಿಯುವ ಅಡುಗೆಮನೆಯಲ್ಲೂ,
ಜೀಪ್ನಿಯಲ್ಲಿ ಹದಿನೆಂಟು ಜನ ಒತ್ತಿ ಕೂತಾಗಲೂ
ಹೆಚ್ಚುಕಮ್ಮಿ ಅಷ್ಟೇ.
ದಿಮ್ಮಿ ತುಂಬಿ, ಮುಚ್ಚಳ ಬಿಗಿದು,
ಹದಿನಾರು ದಿನ ಸಾಗಿದ ಹಡಗಿನ ಹೊಟ್ಟೆಯಲ್ಲಿ
ಆರು.
ಕಡಿದ ಮೇಲೂ ಮರ ಉಸಿರಾಡುತ್ತದೆ, ಹುಡುಗರೇ,
ನಮ್ಮ ಪಾಲನ್ನೂ ಸೇರಿಸಿ.

ಆರಕ್ಕೆ ವಾಸನೆಯಿಲ್ಲ. ಇದ್ದರೆ ಅದು ಪೈನ್ ಮರದ್ದು,
ಮದುವೆಗೆ ಮಾಡಿಸಿದ ಮಂಚದ ಹಾಗೆ, ಒಳ್ಳೆಯದೇ.
ಒಂದು ಉಸಿರು. ಎರಡು.
ಮೂರನೆಯದಕ್ಕೆ ಮೊಣಕಾಲು ನಿಮ್ಮದಲ್ಲ.

ಪಿದ್ಯೋಂಗ್ ಇಳಿದದ್ದು ಜಾರಿಬಿದ್ದ ಟಾರ್ಚು ಎತ್ತಲು.
ಏಳು ಡಾಲರಿನ ಟಾರ್ಚು.
(ಎಲ್ಪಿಡಿಯೋ ಸುಮಾಗೈಸೈ ಎಂದು ಪೂರ್ತಿ ಕರೆದದ್ದು
ಆಮೇಲೆ ಬಂದ ಕಾಗದಗಳು ಮಾತ್ರ.)
ಪರವಾನಗಿ ಚೀಟಿಗೆ ಇಬ್ಬರೂ ಸಹಿ ಹಾಕಿದ್ದೆವು, ಕಾಫಿ ಕುಡಿಯುತ್ತ.
ಅಳತೆಯ ಖಾನೆಯಲ್ಲಿ ನಿನ್ನೆಯ ಅಂಕಿ.
ಬರೆದ ಕೈ ಇದು.

ಮೇಲಿಂದ ಕಂಡದ್ದು ಹೆಲ್ಮೆಟ್ಟಿನ ಹಳದಿ ನೆತ್ತಿ.
ಕೂಗಿದೆ. ಏಣಿಗೆ ಒಂದು ಕಾಲಿಟ್ಟೆ.
ತೆಗೆದೆ.

ಈ ತೆಗೆದದ್ದನ್ನೇ ನಾನು ಕಲಿಸುವುದು, ಹನ್ನೆರಡು ವರ್ಷದಿಂದ.
ಗೆಳೆಯ ಬಿದ್ದರೆ ಇಳಿಯಬೇಡ. ತಮ್ಮ ಬಿದ್ದರೂ ಇಳಿಯಬೇಡ.
ಗಂಟೆ ಬಾರಿಸು. ಸಿಲಿಂಡರು ಬರಲಿ, ಹಗ್ಗ ಬರಲಿ,
ಬರುವ ತನಕ ನಿಲ್ಲು.
ಪುಸ್ತಕದಲ್ಲಿ ಅದು ಅರ್ಧ ಸಾಲು.
ಡೆಕ್ಕಿನ ಮೇಲೆ ಹನ್ನೊಂದು ನಿಮಿಷ.

ಹಿಂದಿನ ಬೆಂಚಿನಿಂದ, ಆಂಟೀಕೆ ಕಡೆಯ ಹುಡುಗ, ಕೈಯೆತ್ತಿ:
"ಸರ್, ಅವರು ಕರೆದರಾ?"

ಪರೀಕ್ಷೆಯಲ್ಲಿ ಇದು ಬರುವುದಿಲ್ಲ, ಎಂದೆ.
ಮೇಜಿನ ಮೇಲೆ ಯಂತ್ರ, ಇಪ್ಪತ್ತು ಪಾಯಿಂಟ್ ಒಂಬತ್ತು,
ಯಾರೂ ಉಸಿರಾಡಲಿಲ್ಲ.

ಆಮೇಲೆ ಒಬ್ಬೊಬ್ಬರನ್ನೇ ಕರೆದು ಅಂಕಿ ಓದಿಸಿದೆ, ಬರೆಸಿದೆ.
ಒಬ್ಬ ಪಕ್ಕದವನದನ್ನು ನೋಡಿ ಬರೆದ. ಅಂಕಿ ಸರಿಯೇ ಇತ್ತು.
ಹಾಳೆ ಹರಿದು, ಮತ್ತೆ ಓದು, ಅಂದೆ.
ಓದಿದ.
ಮತ್ತೆ, ಅಂದೆ.