ವೆಂಕೋಬರಾಯರ ತೊಂಬತ್ತನಾಲ್ಕು

ಕೆ.ಪಿ. ಅಗ್ರಹಾರದ ಐದನೇ ಅಡ್ಡರಸ್ತೆ,
ಹಿಟ್ಟಿನ ಗಿರಣಿಗೆ ಬೆನ್ನು ಕೊಟ್ಟು ನಿಂತ ನಮ್ಮ ಬಾಡಿಗೆ ಪುಸ್ತಕದಂಗಡಿ.
ಎಲ್ಲ ಪುಸ್ತಕದ ಮೇಲೂ ತೆಳ್ಳಗೆ ರಾಗಿಹಿಟ್ಟು.
ದೆವ್ವದ ಕಥೆಗಳಿಗೆ ಅದು ಒಪ್ಪುತ್ತಿತ್ತು, ವಿಭೂತಿಯ ಹಾಗೆ.

ಗುಡಿಬಂಡೆ ವೆಂಕೋಬರಾಯರಿಗೇ ಒಂದು ಪೂರಾ ಬೀರು.
ತೊಂಬತ್ತನಾಲ್ಕು ಕಾದಂಬರಿ, ದಿನಕ್ಕೆ ನಾಲ್ಕಾಣೆ.
ಮುಖಪುಟ ಬರೆದವನು ಒಬ್ಬನೇ, ಬೆಕ್ಕೂ ಒಂದೇ;
ವರ್ಷ ಕಳೆದಂತೆ
ಆ ಬೆಕ್ಕಿಗೆ ವಯಸ್ಸಾಗುತ್ತ ಬಂದದ್ದು ಗೊತ್ತಾಗುತ್ತಿತ್ತು.

ಬಿನ್ನಿ ಮಿಲ್ಲಿನ ಮೂರನೇ ಪಾಳಿ ಮುಗಿಸಿ
ಮುನಿಯಲ್ಲಪ್ಪ ಬರುತ್ತಿದ್ದ, ಮೀಸೆಯಲ್ಲಿ ಹತ್ತಿಯ ಎಳೆ.
"ಮೋಸ ಮಾಡವ್ನೆ ಕಣಮ್ಮೋ ನಿಮ್ಮ ರಾಯ.
ನೂರಿಪ್ಪತ್ತು ಪುಟ ನಡುಗ್ಸಿ ನಡುಗ್ಸಿ
ಕೊನೇಗೆ ಎಲ್ಲಾ ಕನಸು ಅಂದ್ಬುಟ್ಟ.
ತೆಗೀರಿ ನನ್ನ ನಾಲ್ಕಾಣೆ."
ತೆಗೆಯಲಿಲ್ಲ. ಇನ್ನೊಂದು ಕೊಟ್ಟೆ. ಬೈಯುತ್ತಲೇ ಒಯ್ದ.

ವಿಕ್ಟೋರಿಯಾ ಆಸ್ಪತ್ರೆಯ ಫಿಲೋಮಿನಾ ಸಿಸ್ಟರ್
ಓದುತ್ತಿದ್ದದ್ದು ರಾತ್ರಿ ಡ್ಯೂಟಿಯಲ್ಲಿ, ಟಾರ್ಚು ಹಿಡಿದು.
"ಸತ್ತವರು ಎದ್ದು ಬಂದರೆ ಅದು ಹೆದರಿಕೆ ಕಥೆ ಹೇಗಾಗುತ್ತೆ?
ನಮ್ಮ ವಾರ್ಡಿನ ಹೊರಗೆ ಕೂತವರೆಲ್ಲ
ಅದನ್ನೇ ಬೇಡಿಕೊಳ್ಳೋದು."
ಅವಳಿಗೆ ಕನಸಿನ ಕೊನೆಗಳೇ ಇಷ್ಟ.

ಪುಟ್ಟಲಿಂಗಯ್ಯ ಮೇಷ್ಟ್ರು ಮಾತ್ರ
ಪೇಪರಿನ ರಟ್ಟು ಹಾಕಿಕೊಂಡೇ ಒಯ್ಯುವರು, ಬೀದಿಗೆ ಕಾಣದಂತೆ.
"ಕಸ. ಅಲ್ಪಪ್ರಾಣ ಮಹಾಪ್ರಾಣ ತಿಳಿಯದವನು
ಪ್ರಾಣ ತೆಗೆಯಲು ಹೊರಟಿದ್ದಾನೆ."
ಅಂಚಿನಲ್ಲಿ ಕೆಂಪು ಶಾಯಿ, ಕಾಗುಣಿತ ತಿದ್ದಿ ತಿದ್ದಿ.
ಹಿಂದಕ್ಕೆ ಬಂದಮೇಲೆ ನಾನು ಹುಡುಕುತ್ತಿದ್ದೆ,
ಕೆಂಪು ಎಲ್ಲಿ ನಿಂತಿತೆಂದು.
ಒಮ್ಮೊಮ್ಮೆ ನಲವತ್ತನೇ ಪುಟಕ್ಕೆ ನಿಂತುಬಿಡುತ್ತಿತ್ತು.
ಅಲ್ಲಿಂದ ಕೊನೆಯವರೆಗೂ ತಪ್ಪುಗಳು ಹಾಗೇ ಇರುತ್ತಿದ್ದವು.

ನನ್ನನ್ನು ಯಾರೂ ಕೇಳಲಿಲ್ಲ. ಕೇಳಿದ್ದರೆ,
ಅರ್ಧಕ್ಕರ್ಧ ಸಾಧಾರಣ ಎನ್ನುತ್ತಿದ್ದೆ.
ಮಗಳ ಮದುವೆಯ ವರ್ಷ ತಿಂಗಳಿಗೊಂದು ಬರೆದರು;
ಮೂರನೇ ಅಧ್ಯಾಯದಲ್ಲಿ ಸತ್ತ ಡಾಕ್ಟರು
ಒಂಬತ್ತರಲ್ಲಿ ಕಾಫಿ ಕುಡಿಯುತ್ತಾನೆ.
ಅದು ದೆವ್ವವಲ್ಲ, ಮರೆವು.

ಆದರೆ ಮೂವತ್ತೇಳನೆಯದು.
ಕಾಟನ್‌ಪೇಟೆಯ ಒಂದು ವಠಾರ, ಬೀದಿ ನಲ್ಲಿ,
ನಡುರಾತ್ರಿಯ ನೀರಿಗೆ ಸಾಲಿಟ್ಟ ಬಿಂದಿಗೆಗಳು.
ಮನೆ ಆರು. ಬಿಂದಿಗೆ ಏಳು.
ದಿನಾ ಅದೊಂದು ಒಂದೊಂದೇ ಜಾಗ ಮುಂದಕ್ಕೆ ಬರುತ್ತದೆ.
ಅಷ್ಟೇ. ರಕ್ತವಿಲ್ಲ, ಬೆಕ್ಕಿಲ್ಲ, ಯಾರೂ ಕಿರುಚುವುದಿಲ್ಲ.
ಆ ಪುಸ್ತಕದ ಬಗ್ಗೆ ಅಂಗಡಿಯಲ್ಲಿ ಜಗಳ ಆದದ್ದೇ ಇಲ್ಲ.
ಒಯ್ದವರು ಕತ್ತಲಾಗುವ ಮೊದಲು ತಂದಿಟ್ಟು,
ಚಿಲ್ಲರೆಗೂ ನಿಲ್ಲದೆ ಹೋಗುತ್ತಿದ್ದರು.

ರಾಯರು ಬಂದದ್ದು ಒಂದೇ ಸಲ.
ಉಬ್ಬಸ, ಕೊಡೆ, ಇಸ್ತ್ರಿಯಿಲ್ಲದ ಅಂಗಿ.
ಯಾವುದೋ ಪಾತ್ರದ ಹೆಸರು ಮರೆತಿತ್ತಂತೆ,
ತಮ್ಮದೇ ಪುಸ್ತಕವನ್ನು ಬಾಡಿಗೆಗೆ ಕೇಳಿದರು.
ನಿಂತಲ್ಲೇ ಹತ್ತು ಪುಟ ಓದಿ, "ಚೆನ್ನಾಗಿಲ್ಲ, ಅಲ್ವಾ?" ಎಂದರು.
ನಾನು ಹಿಟ್ಟು ಒರೆಸುತ್ತಿದ್ದೆ.
ಬಿಂದಿಗೆಯ ಕಥೆ ಕೇಳಿದೆ. ಬಹಳ ಹೊತ್ತು ಯೋಚಿಸಿ,
"ಆ ತಿಂಗಳು ಜ್ವರ ಇತ್ತಮ್ಮ,
ಪೂರ್ತಿ ಹೆದರಿಸೋಕೆ ಆಗಲಿಲ್ಲ" ಎಂದರು.
ನಾಲ್ಕಾಣೆ ಬೇಡವೆಂದರೂ ಕೊಟ್ಟರು.

ಮಿಲ್ಲು ಮುಚ್ಚಿತು. ಗಿರಣಿ ಹೋಯಿತು.
ಬೀರು ಖಾಲಿ ಮಾಡಿದ ದಿನ ರದ್ದಿಯವನ ತಕ್ಕಡಿಗೆ
ತೊಂಬತ್ತಮೂರೇ ಹತ್ತಿದ್ದು.
ರಿಜಿಸ್ಟರು ತೆಗೆದು ನೋಡಿದೆ:
ಮೂವತ್ತೇಳನೆಯದು, ಪುಟ್ಟಲಿಂಗಯ್ಯನವರ ಹೆಸರಿನಲ್ಲಿ,
ಹನ್ನೊಂದು ವರ್ಷದಿಂದ.

ಕೇಳಿ ತರೋಣವೆಂದು ಒಂದು ಸಂಜೆ ಹೋದೆ.
ಮೇಷ್ಟ್ರ ಮನೆಯ ಜಗಲಿಯ ಮೇಲೆ
ಬಿಂದಿಗೆಗಳು ಸಾಲಾಗಿದ್ದವು.
ಎಣಿಸಲಿಲ್ಲ. ಬಾಗಿಲೂ ತಟ್ಟಲಿಲ್ಲ.