ಯಾರು ಕೈಹಚ್ಚಿದರು

ಹ್ಯಾಮರ್‌ಫೆಸ್ಟಿನಲ್ಲಿ, ಬಂದರಿಗೆ ಬೆನ್ನು ಹಾಕಿದ ಕೋಣೆಯಲ್ಲಿ
ನನ್ನ ಕೆಲಸ.
ಆಸ್ಪತ್ರೆ ಮುಟ್ಟುವ ಮೊದಲೇ ಎದೆ ನಿಂತವರನ್ನು
ಸಾಲುಸಾಲಾಗಿ ಬರೆದಿಡುವುದು.

ಎಲ್ಲಿ ಬಿದ್ದರು: ದೋಣಿಕಟ್ಟೆ, ಈಜುಕೊಳ, ಸ್ವಂತ ಅಡುಗೆಮನೆ.
ಅಡುಗೆಮನೆಯೇ ಹೆಚ್ಚು.
ಯಾರು ಕಂಡರು. ಯಾರು ಕೈಹಚ್ಚಿದರು.
ಆಂಬುಲೆನ್ಸಿಗೆ ಎಷ್ಟು ನಿಮಿಷ.
ಕೊನೆಯ ಕಾಲಂ: ಮೂವತ್ತನೆಯ ದಿನ ಇದ್ದಾರೆಯೆ?
ಹೌದು. ಇಲ್ಲ.
ಮೂರನೆಯ ಮಾತಿಗೆ ಜಾಗವಿಟ್ಟಿಲ್ಲ.

ಹದಿನಾರು ವರ್ಷದ ಚುಕ್ಕಿಗಳನ್ನು ಕೂಡಿಸಿದರೆ
ಗೆರೆ ಏರುತ್ತದೆ,
ಮುದುಕಿ ಮಹಡಿ ಹತ್ತಿದ ಹಾಗೆ,
ಮೆಟ್ಟಿಲಿಗೊಮ್ಮೆ ನಿಂತು,
ನಡುವೆ ಎರಡು ವರ್ಷ ಕೆಳಗೂ ಇಳಿದು,
ಮರೆತ ಕನ್ನಡಕಕ್ಕೆ.

ರಾಜಧಾನಿಯವರು ಬಂದು ಗೆರೆ ನೋಡಿ
ಕೈಕುಲುಕಿ ಹೋದರು. ನಾನೂ ಕುಲುಕಿದೆ.
ಸುಳ್ಳೇನಲ್ಲ. ಹಾಲ್ವರ್ ಇದ್ದಾನಲ್ಲ,
ಮೀನು ಕಾರ್ಖಾನೆಯ ಫೋರ್ಕ್‌ಲಿಫ್ಟಿನವನು,
ಮೂರು ಪಕ್ಕೆಲುಬು ಮುರಿಸಿಕೊಂಡು ಬದುಕಿದ.
ಅಂಗಡಿಯಲ್ಲಿ ಸಿಕ್ಕಾಗಲೆಲ್ಲ
ಬೆಣ್ಣೆಯ ಬೆಲೆಗೆ ಬಯ್ಯುತ್ತಾನೆ.
ಆ ಬೈಗುಳಕ್ಕೊಂದು ಕಾಲಂ ಬೇಕಿತ್ತು.

ಸೂರ್ಯ ಇನ್ನೂ ಮುಖ ತೋರಿಸದ ಜನವರಿಯಲ್ಲಿ
ಒಬ್ಬಳು ಹುಡುಗಿ ಬಂದಳು, ಹದಿನೈದರವಳು,
ಇಂಗಾ ಮಾರೆತ್. ಒದ್ದೆ ಟೋಪಿ ಹಿಂಡುತ್ತ ನಿಂತಳು.
ಬಸ್ ನಿಲ್ದಾಣದಲ್ಲಿ ಬಿದ್ದವರ ಎದೆಯನ್ನು
ಹತ್ತೊಂಬತ್ತು ನಿಮಿಷ ಒತ್ತಿದವಳು.
ಕಲಿತದ್ದು ಶಾಲೆಯಲ್ಲಿ, ರಬ್ಬರ್ ಬೊಂಬೆಯ ಮೇಲೆ.
'ಬೊಂಬೆ ಬೆಚ್ಚಗಿರಲಿಲ್ಲ,' ಅಂದಳು.
'ಬೊಂಬೆಯ ಬಾಯಲ್ಲಿ ಪುದೀನ ವಾಸನೆ ಇರಲಿಲ್ಲ.'

ಆಮೇಲೆ ಕೇಳಿದಳು: 'ನಿಮ್ಮ ಗೆರೆಯಲ್ಲಿ ನಾನೆಲ್ಲಿ?'

ಸಾಲು ತೋರಿಸುವ ಹಾಗಿಲ್ಲ.
ಆ ನಿಯಮ ಟೈಪು ಮಾಡಿದವಳೇ ನಾನು.
ವರ್ಷದ ಚುಕ್ಕಿಯನ್ನಷ್ಟೇ ತೋರಿಸಿದೆ.
ಪರದೆಯ ಮೇಲೆ ಬೆರಳಿಟ್ಟಳು.
'ಇದನ್ನು ನಾನು ಕೆಳಗೆಳೆದೆನಾ?'

ಲೆಕ್ಕ ಬಲ್ಲವರು ಹೌದೆನ್ನಬೇಕು,
ಒಂದು ಕೂದಲೆಳೆಯಷ್ಟು.
ನಾನು ಕಾಫಿ ಬಗ್ಗಿಸಿದೆ.
ಕುಡಿದಳು, ಮುಖ ಕಿವುಚಿದಳು, ಮತ್ತೆ ಕುಡಿದಳು.
ಇನ್ನೊಂದು ಗೆರೆಯಿದೆ, ಯಾರೂ ಕೇಳದ್ದು:
ಕೈಹಚ್ಚಿದವರದು. ನೆಟ್ಟಗೆ ಏರುತ್ತದೆ,
ಬದುಕಿದವರ ಗೆರೆಗಿಂತ ಬಹಳ ಎತ್ತರ.
ಅದನ್ನು ತೆರೆದೆ, 'ಇಲ್ಲಿದ್ದೀಯ ನೋಡು' ಅಂದೆ.
ಎರಡು ಗೆರೆಗಳ ನಡುವಿನ ಖಾಲಿಯನ್ನೇ
ಅವಳು ನೋಡುತ್ತಿದ್ದಳು.

ಹೊರಗೆ ಹಿಮ ತೆಗೆಯುವ ಗಾಡಿ ಹಾದುಹೋಯಿತು,
ಕಿಟಕಿ ಹಳದಿಯಾಗಿ ಮತ್ತೆ ಕಪ್ಪಾಯಿತು.

'ಅವರ ಹೆಸರು ಗೊತ್ತಾ ನಿಮಗೆ?'
ಇಲ್ಲ. ನನ್ನಲ್ಲಿರುವುದು ಸಂಖ್ಯೆ.

'ನನಗೆ ಗೊತ್ತು,' ಅಂದಳು,
ಟೋಪಿಯನ್ನು ಕಿವಿಯವರೆಗೆ ಎಳೆದುಕೊಂಡು
ಹೊರಟಳು.